ಶ್ರೀ ಜಯಚಾಮರಾಜೇಂದ್ರ ಒಡೆಯರ್ (1919–1974): ಪಿಯಾನೊ ವಾದ್ಯದ ಆರಾಧಕರು, ಏಕೀಕೃತ ರಾಜ್ಯದ ಪ್ರಥಮ ರಾಜ್ಯಪಾಲರು

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಲ್ಲಿಯವರೆಗೆ 'ಸಿ' ದರ್ಜೆಯ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. 24 ಸದಸ್ಯರ ವಿಧಾನಸಭೆಯನ್ನೂ ತನ್ನದೇ ಆದ ಮಂತ್ರಿಮಂಡಲವನ್ನೂ ಹೊಂದಿದ್ದ ಕೊಡಗಿನ ಜನತೆಗೆ ಅಂದಿನಿಂದ ರಾಜ್ಯಪಾಲರಾದವರು ಶ್ರೀ ಜಯಚಾಮರಾಜೇಂದ್ರ ಒಡೆಯರ್. ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರೆಂದು, ತತ್ತ್ವಶಾಸ್ತ್ರದ ವಿದ್ವಾಂಸರೆಂದು, ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ಅವರು ನಾಡಿಗೆ ಪರಿಚಿತರು. ಆದರೆ ಯೌವನದಲ್ಲಿ ಅವರು ಬಯಸಿದ್ದು ಇವಾವುದನ್ನೂ ಅಲ್ಲ; ಸಭಾಂಗಣಗಳಲ್ಲಿ ಕಛೇರಿ ನೀಡುವ ಪಿಯಾನೊ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಅವರ ಜೀವನದ ಈ ಮುಖ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲದಿರುವುದರಿಂದ, ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಅದನ್ನೇ ಮುಖ್ಯವಾಗಿಟ್ಟುಕೊಂಡು ಅವರ ಜೀವನವನ್ನು ನಿರೂಪಿಸಲಾಗಿದೆ. ಹಳೆಯ ಪಿಯಾನೊಗಳನ್ನು ಹೊಂದಿರುವ ಜಿಲ್ಲೆಯ ನಾಗರಿಕರಿಗೆ ಅಗತ್ಯವಾದ ಕೆಲವು ಕಾನೂನು ಸಂಗತಿಗಳನ್ನು ಕೊನೆಯಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಶ್ರೀಯುತರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಶ್ರೀ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಶ್ರೀಮತಿ ಕೆಂಪು ಚೆಲುವಾಜಮ್ಮಣ್ಣಿ. ಅಂದು ಸಂಸ್ಥಾನವನ್ನು ಆಳುತ್ತಿದ್ದವರು ದೊಡ್ಡಪ್ಪ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲವಾದ್ದರಿಂದ, ಯುವರಾಜರ ಏಕೈಕ ಪುತ್ರರಾದ ಜಯಚಾಮರಾಜರ ಮೇಲೆ ಇಡೀ ಅರಮನೆಯ ದೃಷ್ಟಿ ನೆಟ್ಟಿದ್ದುದು ಸಹಜವೇ ಆಗಿತ್ತು.

ಅರಮನೆಯಲ್ಲಿ ಆ ಕಾಲಕ್ಕೆ ಎರಡು ಸಂಗೀತಗಳು ಒಂದೇ ಸೂರಿನಡಿ ಬೆಳೆಯುತ್ತಿದ್ದವು. ವೀಣೆ ಶೇಷಣ್ಣನವರಂತಹ ವಿದ್ವಾಂಸರ ಪರಂಪರೆ ಒಂದೆಡೆ. ಪಾಶ್ಚಾತ್ಯ ವಾದ್ಯವೃಂದ ಮತ್ತೊಂದೆಡೆ. ಶೇಷಣ್ಣನವರೇ ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ ಹಾಗೂ ಪಿಯಾನೊಗಳಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲು, ಕೊಳಲು, ಮೃದಂಗ, ಸ್ಯಾಕ್ಸೊಫೋನ್, ಪಿಯಾನೊ ಮುಂತಾದ ಎಂಟು ವಾದ್ಯಗಳನ್ನು ಬಲ್ಲವರು. ಒಟ್ಟೊ ಷ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಪಿಯಾನೊ ಪರದೇಶದ ವಸ್ತುವಾಗಿ ತೋರದಿದ್ದರೆ ಅಚ್ಚರಿಯೇನಿಲ್ಲ. ತಂಗಿ ರಾಜಕುಮಾರಿ ವಿಜಯಾದೇವಿಯವರೂ ಪಿಯಾನೊ ಕಲಿತರು. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಂಗೀತ ಮತ್ತು ಕಲೆಗಳ ಸಂಸ್ಥೆಯನ್ನು ಸ್ಥಾಪಿಸಿದವರು ಅವರೇ.

1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಜಯಚಾಮರಾಜರು ಪದಕಗಳೊಂದಿಗೆ ಪದವಿ ಪಡೆದರು. 1939ರಲ್ಲಿ ಯೂರೋಪ್ ಪ್ರವಾಸ ಕೈಗೊಂಡು ಲಂಡನ್ನಿನ ವಿದ್ವಾಂಸರ ಮತ್ತು ಕಲಾವಿದರ ಪರಿಚಯ ಮಾಡಿಕೊಂಡರು.

ಪಿಯಾನೊ ಎಂಬ ಕುಶಲ ಕರ್ಮ

ಈ ವಾದ್ಯದಲ್ಲಿ ಒಬ್ಬ ರಾಜಕುಮಾರನು ಜೀವಮಾನವನ್ನೇ ಮುಡಿಪಾಗಿಡಲು ಬಯಸುವಂತಹುದು ಏನಿದೆ ಎಂಬುದನ್ನು ತಿಳಿಯಬೇಕಾದರೆ, ಅದರ ಮುಚ್ಚಳವನ್ನೆತ್ತಿ ಒಳಗೆ ನೋಡಬೇಕು. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಮೆದಿಚಿ ಮನೆತನದ ವಾದ್ಯಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬುವರು ಇದನ್ನು ನಿರ್ಮಿಸಿದರು. ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಬೆರಳನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಕ್ರಿಸ್ತೊಫೊರಿಯವರು ಮೀಟುವುದನ್ನು ಬಿಟ್ಟು, ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಬಡಿದು ಒಡನೆಯೇ ಹಿಂದೆ ಸರಿಯುವ ಏರ್ಪಾಟನ್ನು ಕಂಡುಹಿಡಿದರು. ಬೆರಳಿನ ಬಲಕ್ಕೆ ತಕ್ಕಂತೆ ನಾದದ ಬಲ ಬದಲಾಗತೊಡಗಿತು. ಅವರು ಕೈಯಾರೆ ಮಾಡಿದ ಪಿಯಾನೊಗಳಲ್ಲಿ ಉಳಿದಿರುವುದು ಮೂರೇ ಮೂರು: 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮ್ ನಗರದಲ್ಲಿ, 1726ರದು ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ಇವೆ.

ನಂತರದ ಇನ್ನೂರು ವರ್ಷಗಳಲ್ಲಿ ಈ ವಾದ್ಯ ತಾಳಿದ ರೂಪಗಳು ವಿಚಿತ್ರವಾದವು. ಮೇಜಿನಂತೆ ಆಯತಾಕಾರವಾಗಿದ್ದು 'ಸ್ಕ್ವೇರ್' ಎಂಬ ಹೆಸರು ಪಡೆದ ಪಿಯಾನೊಗಳು ಲಂಡನ್ನಿನ ಮಧ್ಯಮ ವರ್ಗದ ಮನೆಗಳನ್ನು ತುಂಬಿದವು. ವಿಯೆನ್ನಾದಲ್ಲಿ ತಂತಿಗಳನ್ನು ಲಂಬವಾಗಿ ನಿಲ್ಲಿಸಿ, ಒಂದು ಬದಿಗೆ ಕತ್ತೆತ್ತಿ ನಿಂತ ಪ್ರಾಣಿಯಂತೆ ಕಾಣುವ 'ಜಿರಾಫೆ' ಪಿಯಾನೊಗಳನ್ನು ಮಾಡಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಂಧ್ರಗಳುಳ್ಳ ಕಾಗದದ ಸುರುಳಿಯನ್ನು ಹಾಕಿ, ಕಾಲಿನಿಂದ ತಿದಿಯೊತ್ತಿ ನುಡಿಸುವ ಸ್ವಯಂಚಾಲಿತ ಪಿಯಾನೊಗಳೂ ಬಂದವು. ಇಂದು ಇವು ಪುರಾತನ ವಸ್ತು ಸಂಗ್ರಾಹಕರ ಕಣ್ಮಣಿಗಳು.

ಪೂರ್ಣ ಪ್ರಮಾಣದ ಪಿಯಾನೊದಲ್ಲಿ 88 ಮನೆಗಳಿದ್ದು (ಹಾರ್ಮೋನಿಯಂ ನುಡಿಸುವವರಿಗೆ ಈ ಪದ ಪರಿಚಿತ), ಸುಮಾರು 230 ತಂತಿಗಳಿರುತ್ತವೆ. ಎಲ್ಲ ತಂತಿಗಳ ಒಟ್ಟು ಎಳೆತ 18ರಿಂದ 20 ಟನ್ನುಗಳಷ್ಟು. ಮರದ ಚೌಕಟ್ಟು ಇಷ್ಟನ್ನು ತಾಳಲಾರದು. ಆದ್ದರಿಂದಲೇ 1825ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಎರಕದ ಕಬ್ಬಿಣದ ಅಖಂಡ ಚೌಕಟ್ಟಿಗೆ ಹಕ್ಕುಪತ್ರ ಪಡೆಯಲಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲು ಪ್ಯಾರಿಸ್ಸಿನ ಎರಾರ್ ಅವರು ಸುತ್ತಿಗೆಯು ಪೂರ್ತಿ ಕೆಳಗಿಳಿಯುವ ಮೊದಲೇ ಮತ್ತೊಮ್ಮೆ ಬಡಿಯಲು ಸಾಧ್ಯವಾಗುವಂತಹ ಸಂದುಕೀಲುಗಳನ್ನು ರೂಪಿಸಿದ್ದರು. ಕಬ್ಬಿಣದ ಈ ಭಾರೀ ಚೌಕಟ್ಟಿನ ಕೆಳಗೆ ಇರುವುದು ಸ್ಪ್ರೂಸ್ ಮರದ ತೆಳುವಾದ ನಾದಫಲಕ. ದಪ್ಪ ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ವಾದ್ಯಕ್ಕೆ ಕಂಠವಿದ್ದರೆ ಅದೇ ಕಂಠ. ಟನ್ನುಗಟ್ಟಲೆ ಬಲವನ್ನು ಬೆರಳ ತುದಿಯ ಸ್ಪರ್ಶಕ್ಕೆ ಅಧೀನವಾಗಿಸಿರುವುದೇ ಈ ಕುಶಲ ಕರ್ಮದ ಹೆಚ್ಚಳ.

ನಮ್ಮ ವೀಣೆಯ ನಿರ್ಮಾಣ ಇದಕ್ಕೆ ನೇರ ವಿರುದ್ಧವಾದುದು. ಏಕಾಂಡ ವೀಣೆಯನ್ನು ಹಲಸಿನ ಮರದ ಒಂದೇ ದಿಮ್ಮಿಯಿಂದ ಕೊರೆದು ತೆಗೆಯುತ್ತಾರೆ. 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯ ಅಳತೆಯಿಂದ ಕೂರಿಸುತ್ತಾರೆ. ತಂತಿಯನ್ನು ಎಳೆದು ಗಮಕ ನುಡಿಸಬಹುದು. ಪಿಯಾನೊದಲ್ಲಿ ಸಾವಿರಾರು ಬಿಡಿಭಾಗಗಳಿದ್ದರೂ ಒಂದು ಸ್ವರವನ್ನು ಮತ್ತೊಂದಕ್ಕೆ ಜಾರಿಸಲಾಗದು. ಜಯಚಾಮರಾಜರು ವಿದ್ವಾನ್ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ್ದರು. ಎರಡರ ಸಾಮರ್ಥ್ಯವನ್ನೂ ಮಿತಿಯನ್ನೂ ಬೆರಳಿನಲ್ಲೇ ಬಲ್ಲವರಾಗಿದ್ದರೆಂಬುದು ಅವರ ಮುಂದಿನ ರಚನೆಗಳನ್ನು ಗಮನಿಸುವಾಗ ನೆನಪಿಡಬೇಕಾದ ಸಂಗತಿ.

1940

ಆ ಒಂದು ವರ್ಷ ಎಲ್ಲವನ್ನೂ ಬದಲಿಸಿತು. ಮಾರ್ಚ್ ತಿಂಗಳಲ್ಲಿ ತಂದೆ ಯುವರಾಜರು ಬೊಂಬಾಯಿಯಲ್ಲಿ ನಿಧನ ಹೊಂದಿದರು. ಆಗಸ್ಟ್ 3ರಂದು ನಾಲ್ವಡಿಯವರು ದಿವಂಗತರಾದರು. ಸೆಪ್ಟೆಂಬರ್ 8ರಂದು, 21 ವರ್ಷ ವಯಸ್ಸಿನ ಜಯಚಾಮರಾಜರು ಸಿಂಹಾಸನವನ್ನೇರಿದರು. ಕಛೇರಿ ವಾದಕನಾಗಬೇಕಾದವನು ದಿನಕ್ಕೆ ಐದಾರು ಗಂಟೆ ವಾದ್ಯದ ಮುಂದೆ ಕುಳಿತಿರಬೇಕು; ಊರಿಂದೂರಿಗೆ ಅಲೆಯಬೇಕು; ಟಿಕೆಟು ಕೊಂಡು ಬಂದವರ ಮುಂದೆ ಪರೀಕ್ಷೆಗೆ ಒಳಗಾಗಬೇಕು. ಮಹಾಯುದ್ಧದ ನಡುವೆ ಸಂಸ್ಥಾನದ ಭಾರ ಹೊತ್ತವರಿಗೆ ಇವಾವುವೂ ಸಾಧ್ಯವಿರಲಿಲ್ಲ. ಅಂದಿಗೆ ಆ ಹಂಬಲ ಮುಗಿಯಿತು.

ಆದರೂ ಅಭ್ಯಾಸವನ್ನು ಅವರು ಕೈಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅರ್ಹತೆಯೂ, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಪದವಿಯೂ 1945ರ ವೇಳೆಗೆ ಅವರಿಗೆ ಸಂದಿದ್ದವು.

ಮೆಟ್ನರ್ ಧ್ವನಿಮುದ್ರಣಗಳು

ತಾನು ಆಗಲಾರದ್ದನ್ನು ಮತ್ತೊಬ್ಬರ ಮೂಲಕ ಉಳಿಸಿಕೊಡುವ ಕಾರ್ಯವನ್ನು ಅವರು ಆರಿಸಿಕೊಂಡರು. ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಸಂಗೀತ ರಚನಕಾರರು ಮತ್ತು ಪಿಯಾನೊ ವಾದಕರು. 1921ರಲ್ಲಿ ರಷ್ಯಾವನ್ನು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಹೊಸ ಶೈಲಿಗಳ ಅಬ್ಬರದಲ್ಲಿ ಅವರ ಸಂಗೀತ ಹಿಂದೆ ಬಿದ್ದಿತ್ತು. ಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಗೌರವಧನ ನಿಂತುಹೋಯಿತು. 1942ರಲ್ಲಿ ಹೃದಯಾಘಾತವೂ ಆಯಿತು. ಶಿಷ್ಯೆಯೊಬ್ಬರ ಕುಟುಂಬದ ಆಶ್ರಯದಲ್ಲಿದ್ದುಕೊಂಡು ಅವರು ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಪೂರ್ಣಗೊಳಿಸಿದರು. ಅದು 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡಿತು.

ಪಿಯಾನೊ ರಚನಕಾರನು ತನ್ನ ಕೃತಿಯನ್ನು ತಾನೇ ನುಡಿಸಿದ ಧ್ವನಿಮುದ್ರಣಕ್ಕೆ ಬೇರೆ ಯಾವುದೂ ಸಮನಲ್ಲ. ಕಾಗದದ ಮೇಲೆ ಸ್ವರಗಳಿರುತ್ತವೆ. ಬೆರಳಿನ ಒತ್ತಡ, ತಡೆ, ಉಸಿರು ಇವು ಇರುವುದಿಲ್ಲ. ಆರೋಗ್ಯ ಕೆಟ್ಟ, ವಯಸ್ಸು ಮೀರುತ್ತಿದ್ದ ಮೆಟ್ನರ್ ಅವರ ವಿಷಯದಲ್ಲಿ ಕಾಲ ಕಡಿಮೆಯಿತ್ತು. ಮೈಸೂರಿನಿಂದ ಹಣಕಾಸಿನ ನೆರವು ಹೋಯಿತು. ಮಹಾರಾಜರ ಪೋಷಣೆಯಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. 1947ರಿಂದ ಲಂಡನ್ನಿನಲ್ಲಿ ಧ್ವನಿಮುದ್ರಣಗಳು ನಡೆದವು. ಮೂರೂ ಪಿಯಾನೊ ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೆಟ್ನರ್ ಅವರೇ ನುಡಿಸಿದರು. ಹಾಡುಗಳು, ಪಿಯಾನೊ ಸೊನಾಟಾಗಳು, ಪಿಯಾನೊ ಪಂಚಕ ಮೊದಲಾದವೂ ಮುದ್ರಣಗೊಂಡವು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಗಾಯನಕ್ಕೆ 1950ರಲ್ಲಿ ಮೆಟ್ನರ್ ಪಿಯಾನೊ ಸಹಕಾರ ನೀಡಿದರು. ಮರುವರ್ಷ, 1951ರ ನವೆಂಬರ್ 13ರಂದು, ಅವರು ತೀರಿಕೊಂಡರು. ತಮ್ಮ ಮೂರನೆಯ ಕಂಚೆರ್ಟೊವನ್ನು ಅವರು ಅರ್ಪಿಸಿರುವುದು ಮೈಸೂರು ಮಹಾರಾಜರಿಗೆ. ಇಂದಿಗೂ ಮೆಟ್ನರ್ ಕೃತಿಗಳನ್ನು ಕಲಿಯುವವರು ಈ ಧ್ವನಿಮುದ್ರಣಗಳನ್ನು ಕೇಳಿಯೇ ಮುಂದುವರಿಯುತ್ತಾರೆ. ನಾಲ್ಕೈದು ವರ್ಷ ತಡವಾಗಿದ್ದಲ್ಲಿ ಇವು ಇರುತ್ತಲೇ ಇರಲಿಲ್ಲ.

ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಸ್ಥಾಪಿಸಿದ ವಾಲ್ಟರ್ ಲೆಗ್ ಅವರು ಮಹಾರಾಜರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದಿದ್ದರು. ಅರಮನೆಯೊಂದರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಪಾರ ಧ್ವನಿಮುದ್ರಿಕೆಗಳ ಸಂಗ್ರಹ, ಅನೇಕ ಧ್ವನಿವರ್ಧಕಗಳು, ಹಾಗೂ ಒಂದಲ್ಲ ಹಲವು ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೊಗಳನ್ನು ಕಂಡು ಅವರು ಬೆರಗಾದರೆಂದು ತಿಳಿದುಬರುತ್ತದೆ. ಆ ವಾದ್ಯವೃಂದಕ್ಕೆ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವು ನೀಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರೂ ಆದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಪ್ರಥಮವಾಗಿ ಪ್ರಸ್ತುತಗೊಂಡಾಗ, ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ನೀಡಿದ್ದವರು ಅವರೇ. ತಾವು ಹೋಗಲಾಗಲಿಲ್ಲ, ಅಂದಿನ ಗಾಯನವನ್ನು ಮುದ್ರಿಸಿಕೊಂಡ ತಟ್ಟೆಗಳು ಹಡಗಿನಲ್ಲಿ ಮೈಸೂರಿಗೆ ಬಂದವು.

ಇದೇ ವರ್ಷಗಳಲ್ಲಿ ಅರಮನೆಯ ಹೊರಗೆ ನಡೆಯುತ್ತಿದ್ದುದನ್ನು ಮರೆಮಾಚುವುದು ಸರಿಯಲ್ಲ. 1947ರ ಆಗಸ್ಟ್ 9ರಂದು ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರ್ಪಡೆಯ ಒಪ್ಪಂದಕ್ಕೆ ಸಹಿ ಮಾಡಿದ್ದರು. ಆದರೆ ಜವಾಬ್ದಾರಿ ಸರ್ಕಾರದ ಬೇಡಿಕೆ ಈಡೇರದಿದ್ದುದರಿಂದ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು; ಸಾವಿರಾರು ಮಂದಿ ಸೆರೆಮನೆ ಸೇರಿದರು. ಅಕ್ಟೋಬರಿನ ಕೊನೆಯ ವಾರದಲ್ಲಿ ಶ್ರೀ ಕೆ.ಸಿ. ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಸರ್ಕಾರ ಅಧಿಕಾರಕ್ಕೆ ಬಂದಿತು. ಒಂದೆಡೆ ಲಂಡನ್ನಿನ ವಾದ್ಯವೃಂದಕ್ಕೆ ಸಾವಿರಾರು ಪೌಂಡು, ಇನ್ನೊಂದೆಡೆ ಬೀದಿಗಿಳಿದ ಸ್ವಂತ ಪ್ರಜೆಗಳು ಎಂಬ ಆಕ್ಷೇಪಣೆಗೆ ಆಧಾರವಿಲ್ಲವೆನ್ನಲಾಗದು. ಅಧಿಕಾರವನ್ನು ಬಿಟ್ಟುಕೊಟ್ಟ ಬಳಿಕ ಅವರು ಹೊಸ ವ್ಯವಸ್ಥೆಯೊಡನೆ ನಡೆದುಕೊಂಡ ರೀತಿಯನ್ನೂ ಆ ಆಕ್ಷೇಪಣೆಯ ಜೊತೆಗಿಟ್ಟು ನೋಡುವುದು ನ್ಯಾಯ.

ಕೃತಿ ರಚನೆ

ಪಿಯಾನೊದಲ್ಲಿ ಪಳಗಿದ ಕೈ ಕರ್ನಾಟಕ ಸಂಗೀತದ ಕಡೆಗೆ ತಿರುಗಿದುದು 1940ರ ದಶಕದ ನಡುವಿನಲ್ಲಿ. ಆಸ್ಥಾನ ವಿದ್ವಾನ್ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರು ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು, ಅಂಕಿತ 'ಶ್ರೀವಿದ್ಯಾ'. ಅಪರೂಪದ ರಾಗಗಳಿಗೆ ಕೈಹಾಕಿದ್ದು ಈ ರಚನೆಗಳ ವೈಶಿಷ್ಟ್ಯ. ಪಿಯಾನೊದ ಸ್ಥಿರಸ್ವರಗಳ ಶಿಸ್ತನ್ನು ಅವರು ಕೃತಿಗಳ ಮೇಲೆ ಹೇರಲಿಲ್ಲ. ಗಮಕವಿಲ್ಲದೆ ನಿಲ್ಲಲಾರದ ಸಂಗೀತವನ್ನು ಅದರ ಧರ್ಮದಲ್ಲಿಯೇ ಬರೆದರು. ಎರಡು ಸಂಗೀತಗಳನ್ನು ಬೆರೆಸಿ ಹೆಸರು ಮಾಡುವ ಅವಕಾಶ ಅವರಷ್ಟು ಯಾರಿಗೂ ಇರಲಿಲ್ಲ; ಅದನ್ನು ಬಳಸದೆ ಬಿಟ್ಟುದು ಅವರ ಅಭಿರುಚಿಗೆ ಸಾಕ್ಷಿ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಫೆಲೊಷಿಪ್ ನೀಡಿ ಅವರನ್ನು ಗೌರವಿಸಿತು.

ರಾಜಪ್ರಮುಖ, ರಾಜ್ಯಪಾಲ

1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಶ್ರೀಯುತರು ಮೈಸೂರಿನ ರಾಜಪ್ರಮುಖರಾಗಿದ್ದರು. ಮರುದಿನದಿಂದ ರಾಜ್ಯಪಾಲರಾದರು. ಕೊಡಗಿಗೂ ಮೈಸೂರಿಗೂ ಆಡಳಿತದ ನಂಟು ಹೊಸದೇನಲ್ಲ: 1881ರಿಂದ 1940ರವರೆಗೆ ಮೈಸೂರಿನ ಬ್ರಿಟಿಷ್ ರೆಸಿಡೆಂಟರೇ ಕೊಡಗಿನ ಮುಖ್ಯ ಆಯುಕ್ತರೂ ಆಗಿರುತ್ತಿದ್ದರು. ಆದರೆ ಮೈಸೂರಿನ ಅರಸು ಮನೆತನದವರೊಬ್ಬರು, ಅರಸರಾಗಿ ಅಲ್ಲದೆ ಸಂವಿಧಾನದ ಅಧಿಕಾರಿಯಾಗಿ, ಕೊಡಗು, ಹೈದರಾಬಾದ್ ಕರ್ನಾಟಕ, ಮುಂಬಯಿ ಕರ್ನಾಟಕ, ದಕ್ಷಿಣ ಕನ್ನಡ ಇವೆಲ್ಲಕ್ಕೂ ಸಮಾನವಾಗಿ ಬಂದುದು ಅದೇ ಮೊದಲು. ನಂತರ ಅವರು 1964ರಿಂದ 1966ರವರೆಗೆ ಮದ್ರಾಸು ರಾಜ್ಯದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1957ರಲ್ಲಿ ದತ್ತಾತ್ರೇಯ ತತ್ತ್ವವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಋಗ್ವೇದದ ಕನ್ನಡ ಅನುವಾದ ಪ್ರಕಟವಾದುದು ಅವರ ಹೆಸರಿನ ಗ್ರಂಥಮಾಲೆಯಲ್ಲಿಯೇ.

ಕೊಡಗಿನವರಿಗೆ ವಿಶೇಷವಾಗಿ ಸಂಬಂಧಿಸಿದ ಮತ್ತೊಂದು ಸಂಗತಿಯಿದೆ. 1952ರಲ್ಲಿ ಕೇಂದ್ರ ಸರ್ಕಾರವು ವನ್ಯಜೀವಿಗಳ ರಕ್ಷಣೆಗಾಗಿ ರಾಷ್ಟ್ರಮಟ್ಟದ ಮಂಡಳಿಯನ್ನು ರಚಿಸಿದಾಗ ಅದರ ಪ್ರಥಮ ಅಧ್ಯಕ್ಷರಾದವರು ಜಯಚಾಮರಾಜರು; ಮೊದಲ ಸಭೆ ನಡೆದುದು ಮೈಸೂರಿನಲ್ಲಿ. ಅವರು ಬೆರಳಾಡಿಸುತ್ತಾ ಬೆಳೆದ ವಾದ್ಯದ ಬಿಳಿಯ ಮನೆಗಳಿಗೆ ಒಂದು ಕಾಲದಲ್ಲಿ ಹೊದಿಸುತ್ತಿದ್ದುದು ಆನೆಯ ದಂತವನ್ನೇ.

1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ಅವರು ನಿಧನರಾದರು. ಆಗ ಅವರಿಗೆ 55 ವರ್ಷ.

ಹಳೆಯ ಪಿಯಾನೊ ಹೊಂದಿರುವವರ ಗಮನಕ್ಕೆ

ಕೊಡಗಿನಲ್ಲಿ 1854ರಿಂದ ಯೂರೋಪಿಯನ್ನರು ಕಾಫಿ ತೋಟಗಳನ್ನು ಆರಂಭಿಸಿದರು. ಹಳೆಯ ಬಂಗಲೆಗಳಲ್ಲಿ, ಐನ್‌ಮನೆಗಳಲ್ಲಿ ಅಥವಾ ಚರ್ಚುಗಳಲ್ಲಿ ಅಂದಿನ ಪಿಯಾನೊಗಳು ಉಳಿದಿದ್ದಲ್ಲಿ, ಅವುಗಳನ್ನು ಮರದ ಬೆಲೆಗೆ ಮಾರಿಬಿಡುವ ಮೊದಲು ಪರಿಶೀಲಿಸುವುದು ಒಳ್ಳೆಯದು. ಬೀಟೆ ಮರದ ಬೆಲೆ ಬಲ್ಲ ಜಿಲ್ಲೆಯಲ್ಲಿ ಇದನ್ನು ಹೇಳಬೇಕಾಗಿದೆ. ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ತಿಳಿಯಬಹುದು. ಉಷ್ಣವಲಯಕ್ಕೆಂದೇ ತಯಾರಿಸಿದ ವಾದ್ಯಗಳಲ್ಲಿ ಅಂಟಿನ ಜೊತೆಗೆ ಹಿತ್ತಾಳೆಯ ತಿರುಪುಗಳನ್ನು ಹಾಕಿರುತ್ತಾರೆ. ಮಳೆಗಾಲದ ತೇವಕ್ಕೆ ನಾದಫಲಕ ಉಬ್ಬಿ, ಬೇಸಿಗೆಯಲ್ಲಿ ಸೊರಗಿ, ಕಡೆಗೆ ಸೀಳುತ್ತದೆ. ತಂತಿಗೆ ತುಕ್ಕು, ಸುತ್ತಿಗೆಯ ಉಣ್ಣೆಗೆ ನುಸಿ. ಆದ್ದರಿಂದ ವಾದ್ಯವನ್ನು ಹೊರಗೋಡೆಗೆ ತಾಗಿಸಿ ಅಥವಾ ಒಲೆಯ ಸಮೀಪ ಇಡಬಾರದು.

100 ವರ್ಷಗಳಿಗೆ ಕಡಿಮೆಯಿಲ್ಲದ ಕುಶಲ ವಸ್ತುಗಳು 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅಂತಹವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ವಿದೇಶದಲ್ಲಿರುವ ಬಂಧುಗಳಿಗೆ ಕಳುಹಿಸಲು ಯೋಚಿಸುವವರು ಇದನ್ನು ಗಮನಿಸತಕ್ಕದ್ದು.

ಬಿಳಿಯ ಮನೆಯ ಮೇಲ್ಪದರದಲ್ಲಿ ಅಡ್ಡಲಾಗಿ ಸಣ್ಣ ಕೂಡುಗೆರೆ ಮತ್ತು ಮರದ ಎಳೆಯಂತಹ ತೆಳುಗೆರೆಗಳು ಕಂಡುಬಂದರೆ ಅದು ಬಹುಮಟ್ಟಿಗೆ ದಂತ. ಸೆಲ್ಯುಲಾಯ್ಡ್‌ನಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ಕ್ಕೆ ಆದ ತಿದ್ದುಪಡಿಗಳ ಪ್ರಕಾರ ಭಾರತೀಯ ಆನೆದಂತದ ವ್ಯಾಪಾರವನ್ನು 1986ರಲ್ಲಿಯೂ, ಆಮದಾದ ದಂತದ ವ್ಯಾಪಾರವನ್ನು 1991ರಲ್ಲಿಯೂ ನಿಷೇಧಿಸಲಾಗಿದೆ. ಈ ಕಾಯ್ದೆಗೆ ಒಳಪಡುವ ಪ್ರಾಣಿಜನ್ಯ ವಸ್ತು ವಾರಸುದಾರಿಕೆಯಿಂದ ಬಂದಲ್ಲಿ, ಬಂದ ದಿನದಿಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಸಂದೇಹವಿದ್ದಲ್ಲಿ ಮಾರಾಟಕ್ಕಾಗಲಿ, ದುರಸ್ತಿಗಾಗಿ ಮನೆಗಳನ್ನು ಕಳಚುವುದಕ್ಕಾಗಲಿ ಮುಂದಾಗದೆ, ಹತ್ತಿರದ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು.